ಕೀಲಿ ಒಡೆದವರ ಪಟ್ಟಿ

ಮೊನ್ನೆ ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತು ಮೊಬೈಲ್‌ನಲ್ಲಿ ಒಂದು ಹಳೇ ಪುಸ್ತಕ ಓದ್ತಾ ಇದ್ದೆ. ಬ್ರಿಯಾನ್ ಟಿಯರ್ನಿ ಅಂತ ಒಬ್ಬ ಇತಿಹಾಸಕಾರರು 1959ರಲ್ಲಿ ಬರೆದದ್ದು. ಮಧ್ಯಯುಗದ ಯುರೋಪಿನಲ್ಲಿ ಚರ್ಚಿನ ಕಾನೂನು ಪಂಡಿತರು ಬಡವರ ಬಗ್ಗೆ ಏನು ಯೋಚಿಸುತ್ತಿದ್ದರು ಅನ್ನೋದು ವಿಷಯ. ಮನೆಗೆ ಬಂದಮೇಲೂ ಬಿಡಲಿಲ್ಲ ನೋಡಿ, ಹೆಂಡತಿ ಕೇಳಿದಳು: 'ಕೋಡ್ ಬರೆಯೋ ನಿಂಗೆ ಇದೆಲ್ಲ ಯಾಕೆ?' ಒಂದು ಕಿರಾಣಿ ಅಂಗಡಿ ಕಾರಣ ಅಂದೆ. ಅವಳಿಗೆ ಆ ಕಥೆ ಗೊತ್ತು. ನಿಮಗೆ ಹೇಳ್ತೀನಿ.

2019ರ ಆಗಸ್ಟ್. ಆ ವರ್ಷ ನಾಗರ ಪಂಚಮಿ 5ನೇ ತಾರೀಖು ಬಂದಿತ್ತು. ರಜೆ ಹಾಕಿ ಜಮಖಂಡಿ ಕಡೆಯ ನಮ್ಮ ಮಾಮಾನ ಊರಿಗೆ ಹೋಗಿದ್ದೆ. ಉಂಡಿ ತಿಂದು ಜೋಕಾಲಿ ಆಡಿ ಬರೋಣ ಅಂತ ಹೋದವನು ಕೃಷ್ಣಾ ನದಿ ನೋಡ್ತಾ ಸಿಕ್ಕಿಹಾಕ್ಕೊಂಡೆ. ಎರಡೇ ದಿನದಲ್ಲಿ ನೀರು ಕೆಳಗಿನ ಓಣಿಯನ್ನೆಲ್ಲ ನುಂಗಿತು. ಎತ್ತರದಲ್ಲಿದ್ದ ಸಾಲಿಯೇ ಎಲ್ಲರ ಮನೆ ಆಯ್ತು. ರಸ್ತೆ ಎರಡೂ ಕಡೆ ಕಡಿದಿತ್ತು. ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಮೊದಲ ದಿನ ಎಲ್ಲರ ಮನೆಯ ಪಂಚಮಿ ಉಂಡಿಯೇ ಊಟ. ಎರಡನೇ ದಿನ ಸಂಜೆ ಅದೂ ಮುಗೀತು. ಕೂಸುಗಳಿಗೆ ಹಾಲಿಲ್ಲ.

ಸಾಲಿಯ ಪಕ್ಕದಲ್ಲೇ ಒಂದು ಕಿರಾಣಿ ಅಂಗಡಿ. ಸಾವಕಾರರು ಮಗಳ ಮನೆಗೆ ಪುಣೆಗೆ ಹೋಗಿದ್ದರು. ಶಟರ್‌ಗೆ ದೊಡ್ಡ ಕೀಲಿ. ಅದರ ಮುಂದೆ ನಾವು ಹತ್ತು ಹನ್ನೆರಡು ಜನ ನಿಂತಿದ್ವಿ, ಒಬ್ಬರೂ ಮಾತಾಡ್ತಿಲ್ಲ. ಕೊನೆಗೆ ಮಾಮಾನೇ ಹೇಳಿದ, 'ಒಡೀರೋ ತಮ್ಮಾ. ಮುಂದಿಂದು ನಾ ನೋಡ್ಕೋತೀನಿ.' ಹಾರೆ ತಂದ್ರು. ನನ್ನ ಕೈಗೆ ಒಂದು ಶಾಲಾ ನೋಟ್‌ಬುಕ್ ಕೊಟ್ಟು, 'ನೀ ಓದಿದಾಂವ, ಬರಕೋ' ಅಂದ್ರು. ಅಕ್ಕಿ ಎರಡು ಚೀಲ, ಹಾಲಿನ ಪುಡಿ, ಬಿಸ್ಕೀಟು, ಮೇಣದಬತ್ತಿ, ಬೆಂಕಿಪೊಟ್ಟಣ. ಟಾರ್ಚ್ ಬೆಳಕಿನಲ್ಲಿ ಬರೆದೆ.

ಇದು ಕಳ್ಳತನವಾ? ಅವತ್ತು ರಾತ್ರಿ ಈ ಪ್ರಶ್ನೆ ಬರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಎಸಿಯಲ್ಲಿ ಕೂತ ಮೇಲೆ ಬಂತು.

13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಇದೇ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾನೆ. ಅವನ ದೊಡ್ಡ ಗ್ರಂಥದಲ್ಲಿ ಕಳ್ಳತನದ ಪ್ರಕರಣದೊಳಗೇ ಇದು ಬರುತ್ತೆ: ಗತಿಯಿಲ್ಲದೆ ಕದ್ದರೆ ಪಾಪವೇ? ಅವನ ಉತ್ತರದ ಸಾರ ಇಷ್ಟು. ಆಸ್ತಿಯನ್ನು ನಂದು ನಿಂದು ಅಂತ ಹಂಚಿದ್ದು ಮನುಷ್ಯರು ಮಾಡಿಕೊಂಡ ಏರ್ಪಾಡು. ಭೂಮಿಯ ಫಲ ಇರೋದು ಮನುಷ್ಯರ ಅಗತ್ಯ ತೀರಿಸೋಕೆ. ಅಗತ್ಯ ಎಲ್ಲರ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದ್ದು, ತಡ ಮಾಡೋ ಹಾಗಿಲ್ಲದಷ್ಟು ತುರ್ತಾಗಿದ್ದು, ಬೇರೆ ದಾರಿಯೂ ಇಲ್ಲ ಅಂದಾಗ ತೆಗೆದುಕೊಂಡದ್ದು ಕಳವಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗ್ತಾನೆ: ತನಗಲ್ಲ, ಪಕ್ಕದವನ ಕಷ್ಟಕ್ಕಾಗಿ ತೆಗೆದುಕೊಂಡರೂ ಅದೇ ಮಾತು ನಿಲ್ಲುತ್ತೆ. ನಾನು ಆ ಸಾಲನ್ನು ಎರಡು ಸಲ ಓದಿದೆ. ನಮ್ಮ ಮಾಮಾನ ಮನೆ ಎತ್ತರದಲ್ಲಿತ್ತು, ಮುಳುಗಿರಲಿಲ್ಲ.

ಅಕ್ವಿನಾಸ್‌ನ ಸ್ವಂತ ಕಲ್ಪನೆ ಏನಲ್ಲ ಇದು. ಅವನಿಗಿಂತ ನೂರು ವರ್ಷ ಮುಂಚೆಯೇ ಕಾನೂನು ಪಂಡಿತರು ಇದನ್ನು ಜಗ್ಗಾಡಿದ್ದನ್ನು ಟಿಯರ್ನಿ ತೋರಿಸ್ತಾರೆ. ನನಗೆ ಹಿಡಿಸಿದ್ದು 'ಕಣ್ಣಿಗೆ ಕಾಣುವಷ್ಟು ಸ್ಪಷ್ಟ' ಅನ್ನೋ ಷರತ್ತು. ಆದರೆ ಯಾರ ಕಣ್ಣಿಗೆ? 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಕತ್ರೀನಾ ಚಂಡಮಾರುತಕ್ಕೆ ಮುಳುಗಿದಾಗ ಎರಡು ಫೋಟೋ ಬಂದವು, ಬೇರೆ ಬೇರೆ ಸುದ್ದಿಸಂಸ್ಥೆಗಳದ್ದು. ಎದೆಮಟ್ಟದ ನೀರಲ್ಲಿ ದಿನಸಿ ಹಿಡಿದು ನಡೆಯುತ್ತಿದ್ದ ಕಪ್ಪು ಹುಡುಗನ ಚಿತ್ರದ ಕೆಳಗೆ, ಲೂಟಿ ಮಾಡಿದ ಅಂತ. ಬ್ರೆಡ್ಡು, ಸೋಡಾ ಹಿಡಿದ ಬಿಳಿಯ ಜೋಡಿಯ ಚಿತ್ರದ ಕೆಳಗೆ, ಅಂಗಡಿಯಲ್ಲಿ ಸಿಕ್ಕಿತು ಅಂತ. ನಮ್ಮ ಊರಲ್ಲೂ ಮಾಮಾನ ಬದಲು ಕೆಳಗಿನ ಓಣಿಯವರೇ ಹಾರೆ ಎತ್ತಿದ್ದರೆ ಜನ ಏನಂತಿದ್ದರು? ಗೊತ್ತಿದ್ದೂ ಕೇಳ್ತಿದ್ದೀನಿ.

ನಮ್ಮ ಕಡೆಗೂ ಇಂಥದೊಂದು ಕಥೆ ಇದೆ. ಸೊಲ್ಲಾಪುರದ ಹತ್ತಿರದ ಮಂಗಳವೇಢೆಯಲ್ಲಿ, 15ನೇ ಶತಮಾನದಲ್ಲಿ, ಬೀದರ್‌ನ ಬಹಮನಿ ಸುಲ್ತಾನರ ಅಧಿಕಾರಿಯಾಗಿದ್ದ ದಾಮಾಜಿ ಪಂತ. ಬರಗಾಲದಲ್ಲಿ ಅಪ್ಪಣೆ ಕೇಳದೆ ಸರ್ಕಾರಿ ಕಣಜ ತೆಗೆದು ಜನಕ್ಕೆ ಧಾನ್ಯ ಹಂಚಿದ. ಸುಲ್ತಾನ ಹಿಡಿದು ತರಲು ಹೇಳಿದಾಗ ಪಂಢರಪುರದ ವಿಠ್ಠಲನೇ ಮಹಾರರ ವೇಷದಲ್ಲಿ ಬೀದರ್‌ಗೆ ಹೋಗಿ ಧಾನ್ಯದ ಹಣ ಕಟ್ಟಿ ರಸೀದಿ ತಂದ ಅನ್ನೋದು ಭಕ್ತರ ಐತಿಹ್ಯ. ಅಜ್ಜಿ ಈ ಕಥೆ ಹೇಳುವಾಗ ನಾನು ವಿಠ್ಠಲನ್ನ ನೋಡ್ತಿದ್ದೆ. ಈಗ ನೋಡೋದು ರಸೀದಿಯನ್ನ. ದೇವರೇ ಇಳಿದು ಬಂದರೂ ಲೆಕ್ಕ ಚುಕ್ತಾ ಆಗಲೇಬೇಕಾಯ್ತಲ್ಲ!

ಇವತ್ತಿನ ಕಾನೂನಿಗೂ ಈ ರಸೀದಿ ಗೊತ್ತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಕಲಂ ಪ್ರಕಾರ ಪ್ರಾಧಿಕಾರ ರಕ್ಷಣಾ ಕೆಲಸಕ್ಕೆ ಯಾರದೇ ಸಾಮಾನು, ವಾಹನ, ಕಟ್ಟಡ ವಶಕ್ಕೆ ತಗೋಬಹುದು. ಅದರ ಬೆನ್ನಿಗೇ 66ನೇ ಕಲಂ ಪರಿಹಾರ ಕೊಡಿ ಅನ್ನುತ್ತೆ. ಆದರೆ ನಮ್ಮ ಮಾಮಾ ಜಿಲ್ಲಾಧಿಕಾರಿ ಅಲ್ಲ, ರಿಟೈರ್ಡ್ ಪೋಸ್ಟ್‌ಮ್ಯಾನ್.

ಸಾವಕಾರರು ಹತ್ತು ದಿನ ಬಿಟ್ಟು ಬಂದರು. ಮಾಮಾ ನೋಟ್‌ಬುಕ್ ಮುಂದಿಟ್ಟ. ಊರವರು ವಂತಿಗೆ ಹಾಕಿದ್ದರು, ಕಡಿಮೆ ಬಿದ್ದದ್ದನ್ನು ನಾನು ಹಾಕಿದೆ. ಅವರು ಪಟ್ಟಿ ಓದಿ, ಒಳಗೆ ಹೋಗಿ ನೋಡಿ ಬಂದು, 'ಬೀಡಿ ಬಾಕ್ಸ್ ಎರಡು ಇಲ್ಲಲ್ಲ, ಬರದಿಲ್ಲ' ಅಂದರು. ನಾವು ಮುಖ ಮುಖ ನೋಡ್ಕೊಂಡ್ವಿ. ಅದರ ದುಡ್ಡೂ ಕೊಟ್ವಿ. ಆಮೇಲೆ ಅವರು ಹೇಳಿದ ಮಾತು ನನಗೆ ಇನ್ನೂ ಚುಚ್ಚುತ್ತೆ: 'ಒಂದ್ ಫೋನ್ ಹಚ್ಚಿದ್ರ ನಾನs ಒಡೀರಿ ಅಂತಿದ್ದೆ.'

ಸಿಗ್ನಲ್ ಇರಲಿಲ್ಲ ಕಾಕಾ, ಅಂದೆ. ಅದು ಪೂರ್ತಿ ನಿಜ ಅಲ್ಲ. ಕೀಲಿ ಒಡೆಯೋ ದಿನ ಮಧ್ಯಾಹ್ನ ಸಾಲಿಯ ಮಾಳಿಗೆ ಮೇಲೆ ಒಂದು ಹತ್ತು ನಿಮಿಷ ಸಿಗ್ನಲ್ ಬಂದಿತ್ತು. ನಾನು ಆಫೀಸಿಗೆ ಮೆಸೇಜ್ ಹಾಕಿದ್ದೆ, ರಜೆ ಮುಂದುವರಿಸಿ ಅಂತ. ಉಂಡಿ ಮುಗಿಯುತ್ತಾ ಬಂದಿದ್ದು ಅಷ್ಟೊತ್ತಿಗೇ ಎಲ್ಲರಿಗೂ ಗೊತ್ತಿತ್ತು. ಸಾವಕಾರರ ನಂಬರ್ ಮಾಮಾನ ಡೈರಿಯಲ್ಲಿತ್ತು.

ಅಕ್ವಿನಾಸ್ ಆದಮೇಲೆ ಸುಮಾರು ಮುನ್ನೂರೈವತ್ತು ವರ್ಷಕ್ಕೆ, 1625ರಲ್ಲಿ, ಡಚ್ ಕಾನೂನು ಪಂಡಿತ ಹ್ಯೂಗೋ ಗ್ರೋಷಿಯಸ್ ಇದೇ ವಾದ ಎತ್ತಿಕೊಂಡು ಮೂರು ಬೇಲಿ ಹಾಕಿದ. ಮಾಲೀಕನಿಗೂ ಅಷ್ಟೇ ಗತಿಗೆಟ್ಟ ಸ್ಥಿತಿ ಇದ್ದರೆ ಮುಟ್ಟಬೇಡಿ. ಸಾಧ್ಯವಾದಾಗ ತಿರುಗಿ ಕೊಡಿ. ಇನ್ನೊಂದು, ಮುಟ್ಟೋ ಮುಂಚೆ ಬೇರೆ ದಾರಿ ನೋಡಿ: ಅಧಿಕಾರಿಗಳ ಹತ್ತಿರ ಹೋಗಿ, ಮಾಲೀಕನನ್ನೇ ಬೇಡಿಕೊಂಡು ನೋಡಿ. ಮೊದಲ ಎರಡು ಬೇಲಿ ನಾವು ದಾಟಲಿಲ್ಲ.

ಹೋದ ವರ್ಷ ಪಂಚಮಿಗೆ ಹೋದಾಗ ಅಂಗಡಿಗೆ ಹೋಗಿ ಆ ಸಿಗ್ನಲ್ ವಿಷಯ ಹೇಳಿದೆ. ಸಾವಕಾರರು ಸಕ್ಕರೆ ತೂಗ್ತಾ ಇದ್ದರು. ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. 'ಗೊತ್ತೈತಿ. ನಿಮ್ಮ ಮಾಮಾ ಆವತ್ತs ಹೇಳ್ಯಾನ' ಅಂದ್ರು. ಈಗ ಅವರು ಊರು ಬಿಟ್ಟು ಹೋಗುವಾಗ ಒಂದು ಕೀಲಿಕೈ ಸಾಲಿಯ ಹೆಡ್‌ಮಾಸ್ತರರ ಹತ್ತಿರ ಇಟ್ಟು ಹೋಗ್ತಾರಂತೆ. ಮಾಮಾನ ಹತ್ತಿರ ಅಲ್ಲ.