ನೆಂಟರ ಹೆಸರನ್ನೇ ಹೋಲುವ ಹೆಸರು ಮಗುವಿಗೆ ಬೇಕೆ?

ಕತಾರ್‌ನಲ್ಲಿ ನೆಲೆಸಿದ ಕನ್ನಡ ಕುಟುಂಬದಲ್ಲಿ ಮಗುವಿಗೆ ಇಡುವ ಹೆಸರು ಊರಿನ ಮನೆಗೂ ಒಪ್ಪಿಗೆಯಾಗಬೇಕು, ದೋಹಾದ ಕಾಗದಪತ್ರಗಳಲ್ಲೂ ಸರಿಯಾಗಿ ಕೂರಬೇಕು. ಆ ಹೆಸರು ಅಜ್ಜನ ಹೆಸರಿಗೋ ಚಿಕ್ಕಪ್ಪನ ಮಗಳ ಹೆಸರಿಗೋ ತೀರ ಹತ್ತಿರವಾದಾಗ ಎರಡೂ ಕಡೆ ಪ್ರಶ್ನೆ ಏಳುತ್ತದೆ.

ಪರ

ಅಜ್ಜ-ಅಜ್ಜಿಯ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದು ಕನ್ನಡ ನಾಡಿನ ಬಹಳ ಹಳೆಯ ರೂಢಿ. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಿಕೇಶಿ ಒಂದನೆಯ ಪುಲಿಕೇಶಿಯ ಮೊಮ್ಮಗ. ಕತಾರ್‌ಗೂ ಇದು ಹೊಸದಲ್ಲ. 1972ರಿಂದ 1995ರವರೆಗೆ ಅಲ್ಲಿನ ಅಮೀರರಾಗಿದ್ದವರು ಖಲೀಫಾ ಬಿನ್ ಹಮದ್. ಅವರ ನಂತರ 2013ರವರೆಗೆ ಆಳಿದ ಮಗ ಹಮದ್ ಬಿನ್ ಖಲೀಫಾ. ಹೆಸರಿನ ಬೆನ್ನಿಗೆ ತಂದೆಯ ಹೆಸರು ಇರುವುದರಿಂದ ಯಾರು ಯಾರೆಂದು ತಿಳಿಯುತ್ತದೆ. ಇನಿಷಿಯಲ್ ಬಿಡಿಸಿ ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ಬರೆಸುವ ಕನ್ನಡಿಗರಲ್ಲೂ ಹಾಗೆಯೇ: ಅಪ್ಪ ಸುರೇಶ ರಾಮಚಂದ್ರನಾದರೆ ಮಗು ರಾಮಚಂದ್ರ ಸುರೇಶ. ಸರ್ಕಾರಿ ಕೆಲಸಗಳಿಗಂತೂ 11 ಅಂಕಿಯ ಕತಾರ್ ಐಡಿ ಸಂಖ್ಯೆಯೇ ಗುರುತು.

ಮನೆಯೊಳಗಿನ ತೊಡಕಿಗೆ ಹಿಂದಿನವರೇ ದಾರಿ ಕಂಡುಕೊಂಡಿದ್ದರು. ಮಾವನ ಹೆಸರು ಹಿಡಿದು ಸೊಸೆ ಮಗುವನ್ನು ಗದರಿಸುವುದು ಸಲ್ಲದು. ಆದ್ದರಿಂದ ನಾಮಕರಣದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದ ಅಂಚಿನಿಂದ ಒಂದಕ್ಕಿಂತ ಹೆಚ್ಚು ಹೆಸರು ಬರೆಯುವ ಮನೆಗಳಲ್ಲಿ ಅಜ್ಜನ ಹೆಸರೂ ಸೇರುತ್ತಿತ್ತು. ದಿನನಿತ್ಯ ಕರೆಯಲು ಪುಟ್ಟ, ಅಪ್ಪು ಎಂಬಂಥ ಹೆಸರು ಬಳಕೆಯಾಗುತ್ತಿತ್ತು. ಹೆಸರನ್ನು ಇಡಿಯಾಗಿ ತೆಗೆದುಕೊಳ್ಳಲು ಮನಸ್ಸಿಲ್ಲದವರು ದನಿಯನ್ನಷ್ಟೇ ಉಳಿಸಿಕೊಳ್ಳುತ್ತಾರೆ: ಅಜ್ಜಿ ಶಾರದಾ, ಮೊಮ್ಮಗಳು ಶರಣ್ಯಾ. ಅಜ್ಜ-ಅಜ್ಜಿಯನ್ನು ರಜೆಯಲ್ಲಿ ಮಾತ್ರ ಕಾಣುವ ಮಗುವಿಗೆ ಈ ನಂಟು ದೊಡ್ಡ ಆಸ್ತಿ. ಅದನ್ನು ಸಣ್ಣ ಗೊಂದಲದ ಭಯಕ್ಕೆ ಬಿಟ್ಟುಕೊಡಬೇಕಾಗಿಲ್ಲ.

ವಿರೋಧ

ತಲೆಮಾರು ಬೇರೆಯಾದಾಗ ನಡೆಯುವುದು ಒಂದೇ ವಾರಿಗೆಯ ಮಕ್ಕಳಲ್ಲಿ ನಡೆಯುವುದಿಲ್ಲ. ಸಾನ್ವಿ, ತನ್ವಿ, ಮಾನ್ವಿ ಎಂದು ಪ್ರಾಸ ಕೂಡಿದ ಹೆಸರುಗಳು ಕೇಳಲು ಚೆಂದ. ಆದರೆ ಬೇಸಿಗೆ ರಜೆಗೆ ದೋಹಾದಿಂದ ಊರಿಗೆ ಬಂದ ಸಾನ್ವಿಯನ್ನು ಅಜ್ಜಿ ಕೂಗಿದರೆ ಓಗೊಡುವವಳು ದೊಡ್ಡಪ್ಪನ ಮಗಳು ತನ್ವಿ. ಅದಕ್ಕಿಂತ ನೋವಿನದು ಓರಗಿತ್ತಿಯರ ನಡುವಿನ ಮುನಿಸು: 'ನಾವು ಹುಡುಕಿಟ್ಟ ಹೆಸರನ್ನೇ ಚೂರು ತಿರುಚಿ ಇಟ್ಟರು' ಎಂಬ ಮಾತು ವರ್ಷಗಟ್ಟಲೆ ಆರುವುದಿಲ್ಲ. ಅಜ್ಜನ ಹೆಸರು ಗೌರವವೆನಿಸುತ್ತದೆ, ಅಕ್ಕನ ಮಗುವಿನ ಹೆಸರು ನಕಲೆನಿಸುತ್ತದೆ.

ಒಡಹುಟ್ಟಿದವರಲ್ಲಿ ತೊಡಕು ಇನ್ನೂ ಹೆಚ್ಚು, ಏಕೆಂದರೆ ತಂದೆಯ ಹೆಸರೂ ಒಂದೇ. ಅನ್ವಿತಾ ಸುರೇಶ, ಅನ್ವಿತ್ ಸುರೇಶ ಎಂಬ ಇಬ್ಬರ ಔಷಧಿ ಚೀಟಿ, ವಿಮಾನದ ಟಿಕೆಟ್‌ಗಳು ಅದಲುಬದಲಾಗುವುದು ಸುಲಭ. ರೋಗಿಯ ಹೆಸರೊಂದನ್ನೇ ನಂಬದೆ ಹುಟ್ಟಿದ ದಿನಾಂಕವನ್ನೋ ಸಂಖ್ಯೆಯನ್ನೋ ಆಸ್ಪತ್ರೆಗಳು ಕೇಳುವುದು ಇದಕ್ಕಾಗಿಯೇ. ಅರಬ್ಬಿ ಬರವಣಿಗೆಯೂ ಅಂತರವನ್ನು ಕುಗ್ಗಿಸುತ್ತದೆ. ಆ ಲಿಪಿಯಲ್ಲಿ ಪಕಾರವಿಲ್ಲ, ಅದನ್ನು ಸಾಮಾನ್ಯವಾಗಿ ಬಕಾರದಲ್ಲಿ ಬರೆಯುತ್ತಾರೆ. ಹ್ರಸ್ವ ಸ್ವರಗಳನ್ನು ಹೆಚ್ಚಾಗಿ ಬರೆಯುವುದೇ ಇಲ್ಲ. ಕನ್ನಡದಲ್ಲಿ ಒಂದಕ್ಷರದಷ್ಟು ಬೇರೆಯಿದ್ದ ಹೆಸರುಗಳು ಅಲ್ಲಿ ಒಂದೇ ಆಗಿಬಿಡಬಹುದು.

ಈ ತೀರ್ಮಾನಕ್ಕೆ ಕಾಲಮಿತಿಯೂ ಇದೆ. ವಿದೇಶದಲ್ಲಿ ಹುಟ್ಟಿದ ಭಾರತೀಯರ ಮಗುವನ್ನು 1955ರ ಪೌರತ್ವ ಕಾಯ್ದೆಯ 4ನೇ ಕಲಮಿನಂತೆ ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ಜನನ ಪ್ರಮಾಣಪತ್ರದ ಹೆಸರೇ ಅಲ್ಲಿಂದ ಪಾಸ್‌ಪೋರ್ಟ್‌ಗೂ ನಿವಾಸ ಪರವಾನಗಿಗೂ ಹೋಗುತ್ತದೆ. ಊರಿನವರ ಅಭಿಪ್ರಾಯ ಕೇಳುವುದಿದ್ದರೆ ಆ ಪತ್ರ ಬರೆಸುವ ಮೊದಲೇ ಕೇಳಬೇಕು.