ಮಾತಿನ ಮ್ಯಾಚಿಗೂ ಒಬ್ಬ ಅಂಪೈರ್ ಬೇಕು

ಮೈದಾನದಲ್ಲಿ ಆಡುವವರು ಇಪ್ಪತ್ತೆರಡು ಜನ. ಮಾರನೇ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಊರಿಗೆ ಊರೇ ಆಡುತ್ತದೆ. ಅಂಗಡಿ ಕಟ್ಟೆ, ಹೋಟೆಲಿನ ಬೆಂಚು, ಬಸ್ಸಿನ ಫುಟ್‌ಬೋರ್ಡು, ಎಲ್ಲಿ ನೋಡಿದರೂ ಕ್ಯಾಪ್ಟನ್ನುಗಳೇ. ತಪ್ಪೇನಿಲ್ಲ ಬಿಡಿ. ಆಟದ ಅರ್ಧ ರುಚಿ ಇರೋದೇ ಆಮೇಲಿನ ಮಾತಿನಲ್ಲಿ.

ಆದರೆ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತಿದೆ? 'ಕೊನೇ ಓವರು ಅವನಿಗ್ಯಾಕೆ ಕೊಟ್ಟ?' ಅಂತ ಶುರುವಾದದ್ದು ಎರಡು ನಿಮಿಷದಲ್ಲಿ ಆಟಗಾರನ ಜಾತಿಗೆ, ಅಲ್ಲಿಂದ ಎದುರಿಗಿದ್ದವನ ಅಪ್ಪ ಅಮ್ಮನಿಗೆ ಬಂದು ನಿಲ್ಲುತ್ತದೆ. ಆಟ ಬಲ್ಲ ಹಿರಿಯರು ಟವೆಲ್ಲು ಕೊಡವಿ ಎದ್ದು ಹೋಗುತ್ತಾರೆ. ಕಾಲೇಜಿನ ಹುಡುಗಿಯರಲ್ಲೂ ಆಟ ಬಲ್ಲವರಿದ್ದಾರೆ, ಅವರು ಬಾಯಿ ತೆರೆಯುವುದೇ ಇಲ್ಲ. ಕಡೆಗೆ ಗೆಲ್ಲುವವನು ಗಂಟಲು ದೊಡ್ಡದಿದ್ದವನು.

ವಾದ ಬೇಡವೆಂದಲ್ಲ. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರ ವಿಷಯವನ್ನೇ ತಗೊಳ್ಳಿ. 1980ರ ಫೆಬ್ರವರಿಯಲ್ಲಿ ಆಗಿನ ಬೊಂಬಾಯಿಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟಿಗೆ ಅವರೇ ನಾಯಕರು. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಮುಂದೆ ಬಾಬ್ ಟೇಲರ್ ಅವರನ್ನು ಅಂಪೈರ್ ಔಟ್ ಅಂದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಕಂಡ ವಿಶ್ವನಾಥ್ ಅವರನ್ನು ವಾಪಸು ಕರೆದರು. ಟೇಲರ್, ಬೋಥಮ್ ಸೇರಿ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

ಮಾಡಿದ್ದು ಸರಿಯೇ? 'ಮನುಷ್ಯ ಅಂದ್ರೆ ಹಾಗಿರಬೇಕು' ಅನ್ನುವವರು ಒಂದು ಕಡೆ. 'ಅಂಪೈರ್ ಹೇಳಿದ ಮೇಲೆ ಇವರದ್ದೇನ್ರೀ ದೊಡ್ಡಸ್ತಿಕೆ, ಮ್ಯಾಚು ಹೋಯ್ತಲ್ಲ' ಅನ್ನುವವರು ಇನ್ನೊಂದು ಕಡೆ. ನಾಲ್ಕು ದಶಕ ದಾಟಿದರೂ ತೀರದ ವಾದ. ಇಬ್ಬರ ಮಾತಿನಲ್ಲೂ ಹುರುಳಿದೆ. ವಾದ ಅಂದರೆ ಇದು.

ಈಗ ಇನ್ನೊಂದು ನೋಡಿ. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತ ಪಾಕಿಸ್ತಾನಕ್ಕೆ 10 ವಿಕೆಟ್‌ಗಳಿಂದ ಸೋತಿತು. ಎಂದರೆ ನಮ್ಮ ಒಬ್ಬ ಬೌಲರಿಗೂ ಒಂದೇ ಒಂದು ವಿಕೆಟ್ ಸಿಗಲಿಲ್ಲ. ಆದರೆ ಮೊಬೈಲಿನಲ್ಲಿ ಧರ್ಮ ಹಿಡಿದು ಬೈಸಿಕೊಂಡವರು ಮೊಹಮ್ಮದ್ ಶಮಿ ಒಬ್ಬರೇ. ಅಂದು ಅವರ 3.5 ಓವರುಗಳಲ್ಲಿ 43 ರನ್ ಹೋಗಿತ್ತು, ಅದನ್ನು ಟೀಕಿಸಲಿ, ಯಾರು ಬೇಡ ಅಂದರು? ಅವರ ಪೂಜೆ, ನಮಾಜು ಕಟ್ಟಿಕೊಂಡು ನಮಗೇನು? ಕಡೆಗೆ ನಾಯಕ ವಿರಾಟ್ ಕೊಹ್ಲಿಯೇ ಬಹಿರಂಗವಾಗಿ ಅದನ್ನು ಖಂಡಿಸಬೇಕಾಯಿತು.

ಹಾಗಾದರೆ ತಡೆಯುವವರು ಯಾರು? ಪೊಲೀಸರನ್ನು ಕರೆಯುವ ಮಾತಲ್ಲ ಇದು. ಕಟ್ಟೆ ಯಾರದೋ ಅವರೇ ಅಂಪೈರು. ಅಂಗಡಿಯ ಯಜಮಾನರೋ, ದಿನಾ ಬರುವ ಹಿರಿಯರೋ ಮೂರು ಮಾತು ಪಾಲಿಸಿದರೆ ಸಾಕು. ಮೊದಲನೆಯದು, ಬೈಯುವುದಿದ್ದರೆ ಆಟವನ್ನು ಬೈಯಿರಿ, ಹುಟ್ಟನ್ನಲ್ಲ. ಎರಡನೆಯದು, ದುಡ್ಡು ತಿಂದ ಅಂತ ಆಡಿಕೊಳ್ಳುವವನು ಆಧಾರ ಕೊಡಲಿ, ಇಲ್ಲವೇ ಸುಮ್ಮನಿರಲಿ. ಮೂರನೆಯದು, ಒಂದು ಸಲ ಎಚ್ಚರಿಕೆ, ಎರಡನೇ ಸಲ ಆವತ್ತಿನ ಮಾತು ಬಂದ್.

1996ರ ಮಾರ್ಚ್ 13ರಂದು ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ನಡೆದದ್ದೂ ಅದೇ. ವಿಶ್ವಕಪ್ ಸೆಮಿಫೈನಲಿನಲ್ಲಿ ಭಾರತ 8 ವಿಕೆಟ್‌ಗೆ 120. ಜನ ಬಾಟಲಿ ಎಸೆದರು. ಆಟ ನಿಲ್ಲಿಸಿ ಒಂದು ಅವಕಾಶ ಕೊಟ್ಟರು. ಮತ್ತೆ ಎಸೆದರು. ರೆಫರಿ ಕ್ಲೈವ್ ಲಾಯ್ಡ್ ಮ್ಯಾಚನ್ನು ಶ್ರೀಲಂಕಾಕ್ಕೆ ಕೊಟ್ಟುಬಿಟ್ಟರು. ಮರ್ಯಾದೆ ಹೋದದ್ದು ಯಾರದು?

ಇನ್ನೂ ಒಂದು ಮಾತು. ಅಂಪೈರಿಗೂ ಅಭಿಮಾನ ಇರುತ್ತದೆ. ತನ್ನ ಕಡೆಯವನು ಬೈದಾಗಲೂ ಬೆರಳೆತ್ತುವವನೇ ಅಂಪೈರು. ತನಗೆ ಒಪ್ಪದ ಮಾತಾಡಿದ ಅಂತ ಒಬ್ಬನನ್ನು ಓಡಿಸಿದರೆ ಅದು ನ್ಯಾಯವಲ್ಲ, ದೌಲತ್ತು.

'ಗಿರಾಕಿಗೆ ಹೇಗೆ ಹೇಳೋದು ಸ್ವಾಮಿ, ವ್ಯಾಪಾರ ಹೋಗುತ್ತೆ' ಎಂದು ಅಂಗಡಿಯವರು ಕೇಳಬಹುದು. ಬೈಗುಳ ಕೇಳಲಾರದೆ ಚಹಾ ಕುಡಿಯದೇ ಎದ್ದು ಹೋದವನೂ ಗಿರಾಕಿಯೇ ಅಲ್ಲವೇ?