ನೆಲದ ಹಸಿವು

ರೈತನು ತನ್ನ ಎತ್ತುಗಳಿಗೆ ಮೇವಿಕ್ಕದೆ ತಾನು ಉಣ್ಣುವುದಿಲ್ಲ. ಆದರೆ ಆ ಎತ್ತುಗಳು ಉಳುವ ನೆಲಕ್ಕೂ ಹಸಿವುಂಟೆಂಬುದನ್ನು ಅನೇಕ ವೇಳೆ ಮರೆತುಬಿಡುತ್ತಾನೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಗೆ ನೀರಿನ ಭಾಗ್ಯವುಂಟು. ಘಟಪ್ರಭಾ ನದಿಗೆ ಹಿಡಕಲ್ಲಿನಲ್ಲಿ ಅಣೆಕಟ್ಟು, ಧೂಪದಾಳದಲ್ಲಿ ಒಡ್ಡು ಇವೆ. ಕಾಲುವೆ ಹರಿದಲ್ಲಿ ಕಬ್ಬಿನೊಡನೆ ಬದನೆ, ಮೆಣಸಿನಕಾಯಿ, ಟೊಮೇಟೊ ಮೊದಲಾದ ಕಾಯಿಪಲ್ಲೆಗಳೂ ಬೆಳೆಯುತ್ತವೆ. ಆದರೆ ನೀರೊಂದೇ ನೆಲದ ಆಹಾರವಲ್ಲ. ಬೆಳೆಯ ಮೇಲೆ ಬೆಳೆ ತೆಗೆದರೆ ಸಾರ ಕುಂದುತ್ತದೆ. ಬಸಿಗಾಲುವೆಯಿಲ್ಲದ ಎರೆಭೂಮಿಗೆ ಮಿತಿಮೀರಿ ನೀರು ಹಾಯಿಸಿದರೆ ಉಪ್ಪು ಮೇಲೇರಿ ಹೊಲ ಸವಳಾಗುತ್ತದೆ.

ಇಂತಹ ನೆಲಕ್ಕೆ ಸುಲಭವಾದ ಉಪಚಾರವೆಂದರೆ ಹಸಿರೆಲೆ ಗೊಬ್ಬರದ ಬೆಳೆ. ಸೆಣಬು, ಡಯಾಂಚ, ಅಲಸಂದಿ, ಹುರುಳಿ ಇವೆಲ್ಲ ದ್ವಿದಳ ಜಾತಿಯವು. ಇವುಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಸಸ್ಯಕ್ಕೆ ಒದಗಿಸುತ್ತವೆ. ಈ ರಹಸ್ಯವನ್ನು ಜರ್ಮನಿಯ ಹೆಲ್‌ರೀಗೆಲ್ 1886ರಲ್ಲಿ ಪ್ರಕಟಪಡಿಸಿದನು. ಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕವೇ ಇದ್ದರೂ ಬದನೆಯಾಗಲಿ ಮೆಣಸಿನ ಗಿಡವಾಗಲಿ ಅದನ್ನು ನೇರವಾಗಿ ಪಡೆಯಲಾರದು. ಡಯಾಂಚವಂತೂ ಸವಳನ್ನೂ ನಿಂತ ನೀರನ್ನೂ ಸಹಿಸುತ್ತದೆ. ಹೊದಿಕೆಯಂತೆ ಹಬ್ಬಿದ ಬೆಳೆಯು ಮಳೆಯ ಹೊಡೆತದಿಂದ ಮೇಲ್ಮಣ್ಣನ್ನು ಕಾಯುತ್ತದೆ, ಕಳೆಯನ್ನೂ ಅಡಗಿಸುತ್ತದೆ.

"ಒಂದೂವರೆ ತಿಂಗಳು ಹೊಲವನ್ನು ಗೊಬ್ಬರಕ್ಕೆ ಬಿಟ್ಟರೆ ಹೊಟ್ಟೆಗೇನು?" ಎಂದು ಸಣ್ಣ ಹಿಡುವಳಿದಾರನು ಕೇಳುತ್ತಾನೆ. ಈ ಪ್ರಶ್ನೆ ನ್ಯಾಯವಾದುದು. ಸಂತೆಯ ದಿನದ ಸಂಪಾದನೆಯಿಂದಲೇ ಮನೆ ನಡೆಸುವವನಿಗೆ 45 ದಿನ ಅಲ್ಪಾವಧಿಯಲ್ಲ. ಆದರೆ ಇಡೀ ತೋಟವನ್ನು ಒಮ್ಮೆಗೇ ಬಿಡಬೇಕಾದುದಿಲ್ಲ. ಒಂದೆಕರೆಯನ್ನು 10 ಗುಂಟೆಗಳ 4 ಭಾಗಗಳನ್ನಾಗಿ ಮಾಡಿ, ವರ್ಷಕ್ಕೊಂದು ಭಾಗದಲ್ಲಿ ಮುಂಗಾರಿನೊಡನೆ ಸೆಣಬನ್ನು ಬಿತ್ತಬಹುದು. ನಾಲ್ಕು ವರ್ಷಗಳಲ್ಲಿ ತೋಟವೆಲ್ಲ ಉಣಿಸು ಪಡೆಯುತ್ತದೆ. ಅಲಸಂದಿಯನ್ನು ಬಿತ್ತಿದವನು ಎಳೆಗಾಯಿಗಳನ್ನು ಬಿಡಿಸಿಕೊಂಡು ಉಳಿದ ಬಳ್ಳಿಯನ್ನು ಮಣ್ಣಿಗೆ ಸೇರಿಸಬಹುದು.

ಸೆಣಬನ್ನು ಹೂವು ಕಾಣಿಸಿದೊಡನೆ, ನೆಲದಲ್ಲಿ ತೇವವಿರುವಾಗಲೇ ಉಳುಮೆ ಮಾಡಿ ಮುಚ್ಚಬೇಕು. ತಡಮಾಡಿದರೆ ಕಾಂಡ ನಾರಾಗಿ ಬೇಗ ಕೊಳೆಯದು. ಎರಡು ಮೂರು ವಾರಗಳು ಕಳೆದ ಮೇಲೆ ಕಾಯಿಪಲ್ಲೆಯ ಸಸಿಗಳನ್ನು ನೆಡಬಹುದು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಈ ಬೆಳೆಗಳಿಗೂ ಒಪ್ಪುತ್ತದೆ. ಚೀಲದ ಗೊಬ್ಬರಕ್ಕೆ ಸಾಲಮಾಡುವ ಕೈ ಒಂದು ಹಿಡಿ ಸೆಣಬಿನ ಬೀಜಕ್ಕೆ ಹಿಂಜರಿಯಬಾರದು. ತಂದೆ ಮಗನಿಗೆ ಬಿಟ್ಟುಹೋಗುವ ಹೊಲವು ತಾನು ಪಡೆದಾಗ ಇದ್ದುದಕ್ಕಿಂತ ಬಡವಾಗಿರಬಾರದು.